ಕಿಂಡಿಯ ಅಳತೆ, ಬೆಳಕಿನ ಲೆಕ್ಕ

ಹೊಸದಾಗಿ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಂಡವರಿಗೆ ಸಿಗುವ ಮೊದಲ ಪುಕ್ಕಟೆ ಸಲಹೆ ಸಾಮಾನ್ಯವಾಗಿ ಒಂದೇ: ಪೆಟ್ಟಿಗೆಯಲ್ಲಿ ಜತೆಗೇ ಬಂದ 18-55 ಮಿ.ಮೀ. ಕಿಟ್ ಲೆನ್ಸನ್ನು ಮೂಲೆಗಿಡಿ, ಒಳ್ಳೆಯದೊಂದು ಲೆನ್ಸ್ ತೆಗೆದುಕೊಳ್ಳಿ. ಒಳ್ಳೆಯದು ಅಂದರೆ ಏನು ಎಂದು ಕೇಳಿ ನೋಡಿ, ‘ಶಾರ್ಪ್ ಆಗಿರುತ್ತದೆ’ ಎನ್ನುತ್ತಾರೆ. ಎಡವಟ್ಟು ಇರುವುದು ಈ ಉತ್ತರದಲ್ಲೇ. ಲೆನ್ಸಿನ ಬೆಲೆಯೊಳಗೆ ಹಲವು ಗುಣಗಳ ಬೆಲೆ ಕಲೆತಿರುತ್ತದೆ. ಚಿತ್ರದ ಹರಿತ, ಒಳಗೆ ಬಿಡುವ ಬೆಳಕು, ನೋಟದ ಅಗಲ, ದೂರದ್ದನ್ನು ಹತ್ತಿರ ತರುವ ಶಕ್ತಿ, ಮೈಕಟ್ಟು, ಎಲ್ಲಕ್ಕೂ ಒಟ್ಟಿಗೆ ದುಡ್ಡು ತೆರುತ್ತೇವೆ. ಕಿಸೆಯಲ್ಲಿ ಹೆಚ್ಚು ಹಣವಿಲ್ಲದೆ ಆರಂಭಿಸುವವರು ಹರಿತದ ಹೆಸರಿನಲ್ಲಿ ಸುರಿಯುವ ದುಡ್ಡು ಬಹುಪಾಲು ವ್ಯರ್ಥ. ಬೆಳಕಿಗೆಂದು ಕೊಡುವ ಮೊದಲ ಹತ್ತು ಸಾವಿರ ರೂಪಾಯಿಯಷ್ಟು ಲಾಭದ ಖರ್ಚು ಮಾತ್ರ ಬೇರೆ ಯಾವುದೂ ಇಲ್ಲ ಎಂಬುದು ನನ್ನ ವಾದ. ಇದನ್ನು ಪರೀಕ್ಷೆಗೊಡ್ಡಲು ಉಡುಪಿ ಜಿಲ್ಲೆ ಹೇಳಿ ಮಾಡಿಸಿದ ಜಾಗ. ಕಾಪುವಿನ ಕಡಲತೀರದಲ್ಲಿ ಕಣ್ಣು ಕೋರೈಸುವ ಬಿಸಿಲು, ಕಾರ್ಕಳದ ಬಸದಿಯೊಳಗೆ ಹಗಲಲ್ಲೂ ಮಬ್ಬು, ರಥಬೀದಿಯಲ್ಲಿ ಬೆಳಗಿನ ಜಾವದ ಕತ್ತಲಲ್ಲಿ ಮೆರವಣಿಗೆ, ಮಣಿಪಾಲದ ಮುರಕಲ್ಲಿನ ಮೇಲೆ ಬೆರಳುಗುರಿನಷ್ಟು ದೊಡ್ಡ ಕಪ್ಪೆ. ಒಂದು ದಿನದ ಬಸ್ಸಿನ ಓಡಾಟದೊಳಗೆ ಲೆನ್ಸಿನ ಎಲ್ಲ ಕಷ್ಟಗಳೂ ಎದುರಾಗುತ್ತವೆ.

ಕಾಪುವಿನಿಂದಲೇ ಆರಂಭಿಸೋಣ. ಕಡಲ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭದ ಎತ್ತರ ಸುಮಾರು 27 ಮೀಟರ್. ಕಿಟ್ ಲೆನ್ಸನ್ನು 18 ಮಿ.ಮೀ.ಗೆ ತಿರುಗಿಸಿ ಕ್ಯಾಮೆರಾವನ್ನು ಅಡ್ಡ ಹಿಡಿದರೆ, ಮೂವತ್ತೈದು ಮೀಟರಿನಷ್ಟು ದೂರ ನಿಂತರೆ ಸ್ತಂಭ ಚೌಕಟ್ಟಿನೊಳಗೆ ಬರುತ್ತದೆ. ಬಂಡೆಯನ್ನೂ ಸೇರಿಸಿಕೊಳ್ಳಬೇಕೆಂದರೆ ಹಿಂದೆ ಸರಿಯಲು ಮರಳು ಬೇಕಾದಷ್ಟಿದೆ. ಮಧ್ಯಾಹ್ನದ ಬಿಸಿಲಿಗೆ ಐಎಸ್‌ಒ 100 ಇಟ್ಟು ಎಫ್/8ರ ಕಿಂಡಿ ತೆರೆದರೆ ಶಟರು ಸೆಕೆಂಡಿನ ನಾನೂರನೇ ಒಂದು ಭಾಗದಲ್ಲಿ ಮುಚ್ಚಿಕೊಳ್ಳುತ್ತದೆ. ಕೈ ಕೊಂಚ ನಡುಗಿದರೂ ಚಿತ್ರದಲ್ಲಿ ಕಾಣದು. (ಎಫ್ ಸಂಖ್ಯೆ ಎಂದರೆ ಲೆನ್ಸಿನ ಸಂಗಮದೂರವನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವ ಅಂಕಿ. ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು.) ಇಂಥ ಕಡೆ ಐದು ಪಟ್ಟು ಬೆಲೆಯ ಲೆನ್ಸ್ ಎಷ್ಟು ಹೆಚ್ಚು ಕೊಟ್ಟೀತು? ಭೌತವಿಜ್ಞಾನ ಇಲ್ಲಿ ಬಡವರ ಪಕ್ಷ. ಬೆಳಕು ಅಲೆಯಾದ್ದರಿಂದ ಕಿಂಡಿಯ ಅಂಚಿನಲ್ಲಿ ಬಾಗಿ ಹರಡುತ್ತದೆ, ಇದನ್ನೇ ವಿವರ್ತನೆ ಎನ್ನುವುದು. ಹೀಗಾಗಿ ಎಷ್ಟೇ ದೋಷರಹಿತ ಗಾಜಾದರೂ ಒಂದು ಚುಕ್ಕೆಯನ್ನು ಚುಕ್ಕೆಯಾಗಿ ಮೂಡಿಸಲಾರದು, ಪುಟ್ಟ ತಟ್ಟೆಯಾಗಿಯೇ ಮೂಡಿಸುತ್ತದೆ. ಇದರ ಗಣಿತವನ್ನು ಇಂಗ್ಲೆಂಡಿನ ಖಗೋಳಜ್ಞ ಜಾರ್ಜ್ ಏರಿ 1835ರಲ್ಲಿ ಬಿಡಿಸಿಟ್ಟ. ತಟ್ಟೆಗೆ ಅವನದೇ ಹೆಸರು. ಹಸಿರು ಬೆಳಕಿಗೆ ಎಫ್/8ರಲ್ಲಿ ಏರಿ ತಟ್ಟೆಯ ವ್ಯಾಸ ಸುಮಾರು 10.7 ಮೈಕ್ರಾನ್. ಆರಂಭಿಕರ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲಿನ ಅಗಲ ಸುಮಾರು 3.9 ಮೈಕ್ರಾನ್. ಅಂದರೆ ಲೆನ್ಸಿನ ಬೆಲೆ ಎಷ್ಟೇ ಇರಲಿ, ಎಫ್/8ರಲ್ಲಿ ಚುಕ್ಕೆಯೊಂದು ಎರಡೂವರೆ ಪಿಕ್ಸೆಲಿಗೂ ಮಿಕ್ಕಿ ಹರಡಿಕೊಂಡಿರುತ್ತದೆ. ಈ ಮಿತಿ ಎಲ್ಲ ಕಂಪನಿಗಳಿಗೂ ಒಂದೇ. ಸಾಧಾರಣ ಲೆನ್ಸಿನ ಮಿಕ್ಕ ಬಹುಪಾಲು ದೋಷಗಳು ಕೂಡ ಕಿಂಡಿ ಕಿರಿದಾದಂತೆ ತಗ್ಗುತ್ತವೆ. ಹಾಗಾಗಿ ಹಗಲಿನ ಬಯಲಿನಲ್ಲಿ ತೆಗೆದ ಚಿತ್ರಗಳಲ್ಲಿ ಕಿಟ್ ಲೆನ್ಸನ್ನೂ ದುಬಾರಿ ಲೆನ್ಸನ್ನೂ ಬೇರ್ಪಡಿಸಿ ಗುರುತಿಸುವುದು ಪಳಗಿದ ಕಣ್ಣಿಗೂ ಕಷ್ಟ.

ವ್ಯತ್ಯಾಸವೇ ಇಲ್ಲವೆಂದಲ್ಲ. ಕಿಟ್ ಲೆನ್ಸನ್ನು 18ರಲ್ಲಿ ಇಟ್ಟು ಕಾಪುವಿನ ದಿಗಂತವನ್ನು ಚಿತ್ರದ ಮೇಲಂಚಿಗೆ ಕೂರಿಸಿದರೆ ಕಡಲು ನಡುವೆ ಉಬ್ಬಿದಂತೆ ಕಾಣುತ್ತದೆ. ದಿಗಂತ ಚಿತ್ರದ ನಡುವಿಗೆ ಬಂದರೆ ಗೆರೆ ನೆಟ್ಟಗಾಗುತ್ತದೆ. ಮೂಲೆಗಳು ಸ್ವಲ್ಪ ಮಸುಕು, ತೆಂಗಿನ ಗರಿಯ ಅಂಚಿನಲ್ಲಿ ನೇರಳೆ ಗೀರು. ಈ ದೋಷಗಳೆಲ್ಲ ಗೊತ್ತಿರುವ ಗಣಿತಕ್ಕೆ ಒಳಪಟ್ಟವು, ಕ್ಯಾಮೆರಾದ ಒಳಗಿನ ಸಾಫ್ಟ್‌ವೇರೋ ಕಂಪ್ಯೂಟರೋ ಬಹುಪಾಲು ತಿದ್ದಿಬಿಡುತ್ತದೆ. ತಿದ್ದಲಾಗದ ಕೊರತೆ ಒಂದೇ. ಸೆನ್ಸರಿಗೆ ತಲುಪದೇ ಹೋದ ಬೆಳಕನ್ನು ಯಾವ ಸಾಫ್ಟ್‌ವೇರೂ ಹಿಂದಕ್ಕೆ ತರಲಾರದು.

ಕಿಟ್ ಲೆನ್ಸನ್ನು ಮೂಲೆಗಿಡಬಾರದು ಎನ್ನುವುದಕ್ಕೆ ಕಾರ್ಕಳ ಇನ್ನೂ ಗಟ್ಟಿಯಾದ ಸಾಕ್ಷಿ. ವೀರಪಾಂಡ್ಯ ಭೈರರಸ 1432ರಲ್ಲಿ ನಿಲ್ಲಿಸಿದ ಗೊಮ್ಮಟ 42 ಅಡಿ, ಹತ್ತಿರ ಹತ್ತಿರ 12.8 ಮೀಟರ್. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು 50 ಮಿ.ಮೀ. ಲೆನ್ಸಿನಲ್ಲಿ ಅಡಿಯಿಂದ ಮುಡಿಯವರೆಗೆ ತುಂಬಿಸಬೇಕಾದರೆ 27 ಮೀಟರ್ ಹಿಂದೆ ಹೋಗಬೇಕು. ಪ್ರಾಕಾರದ ಗೋಡೆ ಅಷ್ಟು ಹಿಂದೆ ಹೋಗಲು ಬಿಡುವುದಿಲ್ಲ. 18 ಮಿ.ಮೀ.ಗೆ ಹತ್ತು ಮೀಟರ್ ಸಾಕು. ಅಷ್ಟು ಹತ್ತಿರದಿಂದ ಕತ್ತೆತ್ತಿ ತೆಗೆದರೆ ಪಾದ ದೊಡ್ಡದಾಗಿ ತಲೆ ಚಿಕ್ಕದಾಗುತ್ತದಲ್ಲ ಎಂದರೆ, ಹೌದು, ಆಗುತ್ತದೆ. ಅದು ನಿಂತ ಜಾಗದ ಗುಣವೇ ಹೊರತು ಲೆನ್ಸಿನ ದೋಷವಲ್ಲ. ಲಕ್ಷ ರೂಪಾಯಿಯ ಲೆನ್ಸಿನಲ್ಲೂ ಅದೇ ಜಾಗದಿಂದ ಅದೇ ಆಕಾರ ಮೂಡುತ್ತದೆ. ಬೆಟ್ಟದ ಕೆಳಗೆ ಊರಿನ ಬಯಲಿನಿಂದ ಉದ್ದ ಲೆನ್ಸಿನಲ್ಲಿ ತೆಗೆದಾಗ ಮೂರ್ತಿಯ ಅಳತೆ ಸರಿಹೊಂದುತ್ತದೆ, ಪಾದ ಮಾತ್ರ ಗೋಡೆಯ ಮರೆಯಲ್ಲಿ ಉಳಿಯುತ್ತದೆ. ಗೊಮ್ಮಟ ಬೆಟ್ಟದೆದುರಿನ ಚತುರ್ಮುಖ ಬಸದಿ 1586ರದು. ನಾಲ್ಕು ದಿಕ್ಕಿಗೂ ಒಂದೇ ಥರದ ಬಾಗಿಲು. ಒಳಗೆ ಕಗ್ಗಲ್ಲಿನಂತೆ ಹೊಳೆಯುವ ತೀರ್ಥಂಕರರು, ಹೊರಗೆ ಬಿರುಬಿಸಿಲು. ಒಳಗಿನ ಬೆಳಕು ಕಡಿಮೆಯೇ, ಆದರೆ ಅಲ್ಲಿ ಏನೂ ಚಲಿಸುವುದಿಲ್ಲ. ಅನುಮತಿ ಪಡೆದು ಟ್ರೈಪಾಡ್ ಇಟ್ಟರೆ ಪೂರ್ತಿ ಒಂದು ಸೆಕೆಂಡ್ ಶಟರು ತೆರೆದಿಟ್ಟರೂ ಕಂಬದ ಕೆತ್ತನೆ ಕದಲದು. ಟ್ರೈಪಾಡ್ ಇಲ್ಲದಿದ್ದರೂ ಕಿಟ್ ಲೆನ್ಸಿನೊಳಗಿನ ಕಂಪನ ನಿಯಂತ್ರಕ ಕಾಲು ಸೆಕೆಂಡಿನವರೆಗೆ ನಿಭಾಯಿಸುತ್ತದೆ. ನಿಶ್ಚಲ ವಸ್ತುವಿನ ಮುಂದೆ ಬೆಳಕಿನ ಕೊರತೆಯನ್ನು ಸಮಯದಿಂದ ತುಂಬಬಹುದು ಎಂಬುದು ಇಲ್ಲಿಯ ಪಾಠ.

ಸಮಯವೇ ಸಿಗದ ಕಡೆ ಕಿಟ್ ಲೆನ್ಸ್ ಕೈಕೊಡುತ್ತದೆ, ಮತ್ತು ಈ ಜಿಲ್ಲೆಯ ಅತಿ ಚೆಂದದ ನೋಟಗಳೆಲ್ಲ ಇರುಳಿನವು. ದೀಪಾವಳಿಯ ಆಸುಪಾಸಿನಿಂದ ಪತ್ತನಾಜೆಯವರೆಗೆ ಯಕ್ಷಗಾನ ಮೇಳಗಳ ತಿರುಗಾಟ. ಎರಡು ವರ್ಷಕ್ಕೊಮ್ಮೆ ಕೃಷ್ಣಮಠದಲ್ಲಿ ಜನವರಿ 18ರ ಪರ್ಯಾಯ. ಪೀಠವೇರುವ ಸ್ವಾಮಿಗಳು ಕಾಪು ಸಮೀಪದ ದಂಡತೀರ್ಥದಲ್ಲಿ ಮಿಂದು ಉಡುಪಿಯ ಜೋಡುಕಟ್ಟೆಗೆ ಬಂದು, ಅಲ್ಲಿಂದ ಮೆರವಣಿಗೆ ರಥಬೀದಿ ಸೇರುವುದು ಇನ್ನೂ ಕತ್ತಲಿರುವಾಗಲೇ. ಬಯಲಾಟವೊಂದರ ರಂಗಸ್ಥಳವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಸಾಧಾರಣ ದೀಪದಲ್ಲಿ ಐಎಸ್‌ಒ 1600 ಇಟ್ಟರೂ ಕಿಟ್ ಲೆನ್ಸಿನ 55 ಮಿ.ಮೀ. ತುದಿಯ ಎಫ್/5.6 ಕಿಂಡಿ ಸೆಕೆಂಡಿನ ಹದಿನೈದನೇ ಒಂದು ಭಾಗ ಕೇಳುತ್ತದೆ ಎನ್ನೋಣ. ದಿಗಿಣ ಹಾರುವ ವೇಷಧಾರಿಯ ಕೈ ಸೆಕೆಂಡಿಗೆ ಮೂರು ಮೀಟರ್ ವೇಗದಲ್ಲಿ ಬೀಸಿದರೂ ಅಷ್ಟರಲ್ಲಿ 20 ಸೆಂ.ಮೀ. ಸರಿದಿರುತ್ತದೆ. ಚಿತ್ರದಲ್ಲಿ ಕೈ ಇರುವುದಿಲ್ಲ, ಹೊಗೆಯಂಥ ಗೀಟು ಇರುತ್ತದೆ. ಈಗ 50 ಮಿ.ಮೀ. ಎಫ್/1.8 ಲೆನ್ಸ್ ಹಾಕಿ. ಸೆನ್ಸರಿನ ಮೇಲೆ ಬೀಳುವ ಬೆಳಕು ಎಫ್ ಸಂಖ್ಯೆಗಳ ಅನುಪಾತದ ವರ್ಗದಂತೆ ಏರುತ್ತದೆ. 5.6ನ್ನು 1.8ರಿಂದ ಭಾಗಿಸಿದರೆ 3.1, ಅದರ ವರ್ಗ 9.7. ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು, ಆದ್ದರಿಂದ ಶಟರು ಸೆಕೆಂಡಿನ ನೂರೈವತ್ತನೇ ಭಾಗಕ್ಕೆ ಇಳಿಯುತ್ತದೆ. ಇಪ್ಪತ್ತು ಸೆಂಟಿಮೀಟರಿನ ಗೀಟು ಎರಡಕ್ಕೆ ಇಳಿಯಿತು. ಐಎಸ್‌ಒವನ್ನು 6400ಕ್ಕೆ ಏರಿಸಿದರೆ ಅರ್ಧ ಸೆಂಟಿಮೀಟರ್. ಕಿರೀಟದ ಮಿಂಚು, ಕಾಲ್ಗೆಜ್ಜೆ, ಮುಖವರ್ಣಿಕೆಯ ಗೆರೆ, ಎಲ್ಲವೂ ಚಿತ್ರದಲ್ಲಿ ನಿಲ್ಲುತ್ತವೆ. ಎಂಟು ಮೀಟರ್ ದೂರ ಕೂತವರಿಗೆ ಈ ಲೆನ್ಸ್ ತೋರಿಸುವುದು ಸುಮಾರು 3.8 ಮೀಟರ್ ಅಗಲ, 2.5 ಮೀಟರ್ ಎತ್ತರದ ಜಾಗವನ್ನು. ಕಿರೀಟ ಸಮೇತ ಒಬ್ಬ ವೇಷಧಾರಿಗೆ ಅಳೆದು ಕೊಟ್ಟಂತೆ.

ಇಲ್ಲಿ ಮೂರು ಆಕ್ಷೇಪಗಳು ಒಟ್ಟಿಗೇ ಬರುತ್ತವೆ. ಕಿಟ್ ಲೆನ್ಸಿನಲ್ಲೇ ಐಎಸ್‌ಒ ಏರಿಸಿದರಾಗದೆ? ಆಗುತ್ತದೆ, ಆದರೆ ಐಎಸ್‌ಒ ಏರಿಸಿದರೆ ಬೆಳಕು ಹೆಚ್ಚಾಗುವುದಿಲ್ಲ, ಸಿಕ್ಕಷ್ಟು ಬೆಳಕಿನ ಸಂಕೇತ ಹಿಗ್ಗುತ್ತದೆ ಅಷ್ಟೆ. ಬೆಳಕು ಫೋಟಾನುಗಳಾಗಿ ಬೀಳುತ್ತದೆ, ಬೀಳುವ ಎಣಿಕೆಯಲ್ಲಿ ಸಹಜವಾದ ಏರಿಳಿತವಿರುತ್ತದೆ, ಆ ಏರಿಳಿತ ಎಣಿಕೆಯ ವರ್ಗಮೂಲದಷ್ಟು. ಒಂದು ಪಿಕ್ಸೆಲಿಗೆ 100 ಫೋಟಾನ್ ಬಿದ್ದರೆ ಏರಿಳಿತ 10, ಅಂದರೆ ನೂರಕ್ಕೆ ಹತ್ತು; 1000 ಬಿದ್ದರೆ 32ರಷ್ಟು, ನೂರಕ್ಕೆ ಮೂರು ಚಿಲ್ಲರೆ. ಚಿತ್ರದಲ್ಲಿ ಕಾಣುವ ಮರಳು ಮರಳಾದ ಕಾಳು ಇದೇ. ಹೊಸ ಸೆನ್ಸರುಗಳು ತಮ್ಮದೇ ವಿದ್ಯುತ್ ಗದ್ದಲವನ್ನು ತುಂಬ ತಗ್ಗಿಸಿಕೊಂಡಿವೆ, ಬೆಳಕಿನ ಈ ಹುಟ್ಟುಗುಣವನ್ನು ಯಾರೂ ತಗ್ಗಿಸಲಾರರು. ಎರಡನೆಯದು, ಕಂಪನ ನಿಯಂತ್ರಕ ಇದೆಯಲ್ಲ? ಅದು ನಮ್ಮ ಕೈಯ ನಡುಕವನ್ನು ತಡೆಯುತ್ತದೆ, ಕುಣಿಯುವವನನ್ನು ನಿಲ್ಲಿಸುವುದಿಲ್ಲ. ಬಸದಿಯಲ್ಲಿ ನೆರವಾದದ್ದು ರಂಗಸ್ಥಳದಲ್ಲಿ ನೆರವಾಗದು. ಮೂರನೆಯದು ಫ್ಲ್ಯಾಶ್. ಅದರ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ: ಆಟದಲ್ಲೋ ಕೋಲದಲ್ಲೋ ಫ್ಲ್ಯಾಶ್ ಹೊಡೆಯುವುದು ಕಲಾವಿದರಿಗೂ ಪ್ರೇಕ್ಷಕರಿಗೂ ಕಿರಿಕಿರಿ, ಮತ್ತು ಯಾವ ಬೆಳಕಿಗಾಗಿ ಅಲ್ಲಿಗೆ ಹೋದೆವೋ ಅದನ್ನೇ ಅಳಿಸಿಹಾಕುವ ಕೆಲಸ.

ಹಾಗಿದ್ದರೆ ಇಷ್ಟು ಉಪಕಾರಿ ಲೆನ್ಸ್ ಅಗ್ಗವಾಗಿರುವುದು ಹೇಗೆ? ಅಗ್ಗವೆಂದರೆ ಕಳಪೆ ಇರಬೇಕೆಂದು ಊಹಿಸುವುದು ಸಹಜ. ಈ ಲೆನ್ಸಿನ ಮಟ್ಟಿಗೆ ಆ ಊಹೆ ತಪ್ಪು. ಅದರ ಬೇರು ಗಣಿತಜ್ಞ ಗಾಸ್ 1817ರಲ್ಲಿ ದೂರದರ್ಶಕಕ್ಕೆಂದು ರೂಪಿಸಿದ ಜೋಡಿ ಮಸೂರದಲ್ಲಿದೆ. ಅಮೆರಿಕದ ಆಲ್ವನ್ ಕ್ಲಾರ್ಕ್ 1888ರಲ್ಲಿ ಅಂಥ ಎರಡು ಜೋಡಿಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿದ. ಜರ್ಮನಿಯ ಝೈಸ್ ಕಂಪನಿಯ ಪೌಲ್ ರುಡಾಲ್ಫ್ 1896ರಲ್ಲಿ ಅದನ್ನು ತಿದ್ದಿ ಪ್ಲಾನಾರ್ ಎಂಬ ಲೆನ್ಸ್ ಮಾಡಿದ. ಉಪಾಯದ ಜೀವಾಳ ಸಮರೂಪತೆ. ಕಿಂಡಿಯ ಮುಂದಿನ ಅರ್ಧ ಗೆರೆಯನ್ನು ಹೊರಕ್ಕೆ ಬಾಗಿಸಿದರೆ ಹಿಂದಿನ ಅರ್ಧ ಅಷ್ಟೇ ಒಳಕ್ಕೆ ಬಾಗಿಸುತ್ತದೆ. ವಕ್ರತೆ, ಅಂಚಿನ ಬಣ್ಣ, ಧೂಮಕೇತುವಿನ ಬಾಲದಂಥ ಮಸುಕು, ಇವೆಲ್ಲ ಪರಸ್ಪರ ಕಳೆದುಹೋಗುತ್ತವೆ. ಇಂದಿನ ಕ್ಯಾನನ್ 50 ಮಿ.ಮೀ. ಎಫ್/1.8 ಲೆನ್ಸಿನಲ್ಲಿರುವುದೂ ಅದೇ ಕುಲದ ವಿನ್ಯಾಸ: ಐದು ಗುಂಪುಗಳಲ್ಲಿ ಆರೇ ಗಾಜು, ತೂಕ 160 ಗ್ರಾಂ. ಇನ್ನೊಂದು ಕಾರಣ ಕ್ಯಾಮೆರಾದ ಹೊಟ್ಟೆಯಲ್ಲಿದೆ. ಎಸ್‌ಎಲ್‌ಆರ್ ಎಂದ ಮೇಲೆ ಒಳಗೊಂದು ಕನ್ನಡಿ ಮೇಲಕ್ಕೆ ಹಾರಲು ಜಾಗ ಬೇಕು. ಅದಕ್ಕಾಗಿ ಲೆನ್ಸ್ ಕೂರುವ ಬಳೆಗೂ ಸೆನ್ಸರಿಗೂ ಕ್ಯಾನನ್‌ನಲ್ಲಿ 44 ಮಿ.ಮೀ., ನಿಕಾನ್‌ನಲ್ಲಿ 46.5 ಮಿ.ಮೀ. ಅಂತರ ಇಟ್ಟಿದ್ದಾರೆ. 50 ಮಿ.ಮೀ. ಸಂಗಮದೂರದ ಸರಳ ಲೆನ್ಸ್ ಈ ಅಂತರದಾಚೆ ನಿರಾಯಾಸವಾಗಿ ಕೂರುತ್ತದೆ. 18 ಮಿ.ಮೀ.ಯದ್ದು ಕೂರುವುದಿಲ್ಲ, ಕನ್ನಡಿಗೆ ತಗಲುತ್ತದೆ. ಅದನ್ನು ದೂರ ನಿಲ್ಲಿಸಿಯೂ ಅಗಲ ನೋಟ ಪಡೆಯಲು ಮುಂದೆ ದೊಡ್ಡ ನಿಮ್ನ ಮಸೂರ ಇಟ್ಟು ಬೆಳಕನ್ನು ಮೊದಲು ಚೆದುರಿಸಿ ಆಮೇಲೆ ಒಟ್ಟುಗೂಡಿಸಬೇಕು. ಫ್ರಾನ್ಸಿನ ಪಿಯೆರ್ ಆಂಜೆನ್ಯೂ 1950ರಲ್ಲಿ ಈ ಬಗೆಯ ಲೆನ್ಸನ್ನು ಸ್ಟಿಲ್ ಕ್ಯಾಮೆರಾಕ್ಕೆ ತಂದ. ಸಮರೂಪತೆ ಹೋಯಿತು, ಗಾಜು ಹೆಚ್ಚಿತು, ಬೆಲೆಯೂ ಏರಿತು. ಅಗಲ ನೋಟದಲ್ಲಿ ದೊಡ್ಡ ಕಿಂಡಿ ದುಬಾರಿಯಾಗುವುದೂ, ಐವತ್ತರಲ್ಲಿ ಅದು ಸೋವಿಯಾಗುವುದೂ ಈ ಜ್ಯಾಮಿತಿಯಿಂದ, ವ್ಯಾಪಾರದ ತಂತ್ರದಿಂದಲ್ಲ.

ಗಾಜು ಹೆಚ್ಚಿದರೆ ಬೆಲೆಯಷ್ಟೇ ಏರುವುದಿಲ್ಲ. ಲೇಪನವಿಲ್ಲದ ಗಾಜಿನ ಪ್ರತಿ ಮುಖವೂ ನೂರಕ್ಕೆ ನಾಲ್ಕರಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಐದು ಗುಂಪಿನ ಲೆನ್ಸಿಗೆ ಗಾಳಿ ತಾಗುವ ಮುಖ ಹತ್ತು, ಮೂರರಲ್ಲೊಂದು ಪಾಲು ನಷ್ಟ. ಒಂಬತ್ತು ಗುಂಪಿನ ಕಿಟ್ ಜೂಮಿಗೆ ಹದಿನೆಂಟು ಮುಖ, ಅರ್ಧಕ್ಕಿಂತ ಹೆಚ್ಚು ನಷ್ಟ. ಕಳೆದುಹೋದ ಬೆಳಕು ಒಳಗೇ ಅಲೆದಾಡಿ ಚಿತ್ರವನ್ನು ಮಂಕಾಗಿಸುತ್ತದೆ. ಝೈಸ್‌ನಲ್ಲಿದ್ದ ಅಲೆಕ್ಸಾಂಡರ್ ಸ್ಮಕುಲ 1935ರಲ್ಲಿ ಪ್ರತಿಫಲನ ತಡೆಯುವ ತೆಳು ಲೇಪನ ಕಂಡುಹಿಡಿಯದಿದ್ದರೆ ಇವತ್ತಿನ ಜೂಮ್ ಲೆನ್ಸುಗಳು ಬಳಕೆಗೆ ಬರುತ್ತಿರಲಿಲ್ಲ. ಸುಲಭ ಬೆಲೆಯ ಕಿಟ್ ಲೆನ್ಸನ್ನು ಹಳಿಯುವವರು ಈ ಚರಿತ್ರೆಯನ್ನೂ ಕೊಂಚ ನೆನೆಯಬೇಕು.

ಬೆಳಕಿಗೇ ದುಡ್ಡು ಹಾಕುವುದಾದರೆ ಎಫ್/1.2ನ್ನೇ ಏಕೆ ಕೊಳ್ಳಬಾರದು ಎಂದು ಕೇಳಬಹುದು. ಲೆಕ್ಕ ಅಲ್ಲಿ ಸೋಲುತ್ತದೆ. 50 ಮಿ.ಮೀ. ಎಫ್/1.8 ಹೊಸದು ಹತ್ತು ಸಾವಿರದ ಆಚೀಚೆ ಸಿಗುತ್ತದೆ, ಕಿಟ್ ಲೆನ್ಸಿಗಿಂತ ಹತ್ತು ಪಟ್ಟು ಬೆಳಕು ಕೊಡುತ್ತದೆ. ಎಫ್/1.2 ಲೆನ್ಸ್ ಲಕ್ಷದ ಆಸುಪಾಸಿನದು, ಅರ್ಧ ಕಿಲೋಗೂ ಹೆಚ್ಚು ತೂಕ, ಎಫ್/1.8ಕ್ಕಿಂತ ಕೊಡುವ ಹೆಚ್ಚುವರಿ ಬೆಳಕು ಎರಡೂಕಾಲು ಪಟ್ಟು ಮಾತ್ರ. ಅದನ್ನು ಕೊಳ್ಳುವವರಿಗೆ ಅವರದೇ ಕಾರಣಗಳಿರಬಹುದು, ಆರಂಭಿಕರಿಗೆ ಯಾವ ಕಾರಣವೂ ಇಲ್ಲ.

ದೊಡ್ಡ ಕಿಂಡಿಯ ತಕರಾರೂ ಒಂದಿದೆ, ಮತ್ತು ಅದು ನಿಜವಾದದ್ದು: ಫೋಕಸ್ ನಿಲ್ಲುವ ಆಳ ತೆಳುವಾಗುತ್ತದೆ. ಎರಡು ಮೀಟರ್ ದೂರದ ಮುಖಕ್ಕೆ 50 ಮಿ.ಮೀ. ಎಫ್/1.8ರಲ್ಲಿ ಸ್ಪಷ್ಟವಾಗಿ ಕಾಣುವ ಆಳ 11 ಸೆಂ.ಮೀ. ಚಿಲ್ಲರೆ. ಕಣ್ಣಿಗೆ ಫೋಕಸ್ ಕೂತರೆ ಕಿವಿಯೋಲೆ ಮಸುಕಾಗುವ ಸಂಭವವಿದೆ. ಆದರೆ ಆಳ ದೂರದ ವರ್ಗದಂತೆ ಏರುತ್ತದೆ. ಎಂಟು ಮೀಟರಿನಲ್ಲಿ ಅದು 1.8 ಮೀಟರ್, ವೇಷಧಾರಿ ಒಂದು ಹೆಜ್ಜೆ ಮುಂದೆ ಬಂದರೂ ಕೆಡುವುದಿಲ್ಲ. ಹತ್ತಿರದ ಮುಖಕ್ಕೆ ಎಫ್/2.8ಕ್ಕೆ ಇಳಿಸಿಕೊಂಡರಾಯಿತು, ಆಗಲೂ ಕಿಟ್ ಲೆನ್ಸಿನ ನಾಲ್ಕು ಪಟ್ಟು ಬೆಳಕು ಉಳಿದಿರುತ್ತದೆ. ಐವತ್ತೋ ಮೂವತ್ತೈದೋ ಎಂಬ ಪ್ರಶ್ನೆಯೂ ದೂರದ್ದೇ. ಆರಂಭಿಕ ಕ್ಯಾಮೆರಾಗಳ ಸೆನ್ಸರ್ ಹಳೆಯ ಫಿಲ್ಮ್ ಚೌಕಟ್ಟಿಗಿಂತ ಚಿಕ್ಕದು, ನಿಕಾನ್‌ನಲ್ಲಿ ಒಂದೂವರೆ ಪಟ್ಟು, ಕ್ಯಾನನ್‌ನಲ್ಲಿ 1.6 ಪಟ್ಟು. ಹೀಗಾಗಿ ಐವತ್ತು ಇಲ್ಲಿ ಕಿರುನೋಟದ ಲೆನ್ಸ್. ರಥಬೀದಿಯ ಜನಜಂಗುಳಿಯಲ್ಲಿ, ಮನೆಯೊಳಗಿನ ಸಮಾರಂಭದಲ್ಲಿ ಅದು ಉಸಿರುಗಟ್ಟಿಸುತ್ತದೆ. ನಿಕಾನ್ ಇಟ್ಟುಕೊಂಡವರು ಸಣ್ಣ ಸೆನ್ಸರಿಗೆಂದೇ 2009ರಲ್ಲಿ ಬಂದ 35 ಮಿ.ಮೀ. ಎಫ್/1.8 ಆರಿಸಿಕೊಳ್ಳಬಹುದು, ನನ್ನ ಮಟ್ಟಿಗೆ ಒಂದೇ ಲೆನ್ಸ್ ಕೊಳ್ಳುವುದಾದರೆ ಅದೇ ಮೇಲು. ಕ್ಯಾನನ್‌ನವರಿಗೆ ಅದೇ ಬೆಲೆಯಲ್ಲಿ ಸಿಗುವ 24 ಮಿ.ಮೀ. ಎಫ್/2.8 ಅಗಲ ನೋಟ ಕೊಡುತ್ತದೆ, ಬೆಳಕಿನಲ್ಲಿ ಹಿಂದೆ ಬೀಳುತ್ತದೆ. ಆಟದ ಹುಚ್ಚಿದ್ದವರು ಐವತ್ತನ್ನೇ ಹಿಡಿಯಲಿ.

ದೂರದ ಆಸೆ ಬೇರೆಯೇ. ಮಲ್ಪೆ ಬಂದರಿನ ಮೇಲೆ ಸುತ್ತುವ ಗರುಡ, ಮಣಿಪಾಲದ ಮಣ್ಣಪಳ್ಳದ ದಂಡೆಯ ಮಿಂಚುಳ್ಳಿ, ಕಾಪುವಿನಲ್ಲಿ ಮುಳುಗುವ ಸೂರ್ಯ. ಸೂರ್ಯನ ಬಿಂಬದ ಅಳತೆ ಸಂಗಮದೂರದ ನೂರಹತ್ತನೇ ಒಂದು ಪಾಲಿನಷ್ಟು. 18 ಮಿ.ಮೀ.ಯಲ್ಲಿ ಅದು ಸೆನ್ಸರಿನ ಮೇಲೆ ಸಾಸಿವೆಗಿಂತ ಚಿಕ್ಕ ಚುಕ್ಕೆ, ಮಿಲಿಮೀಟರಿನ ಆರನೇ ಒಂದು ಭಾಗ, 250ರಲ್ಲಿ 2.3 ಮಿ.ಮೀ., ಚಿತ್ರದ ಎತ್ತರದ ಆರೇಳನೇ ಒಂದು ಪಾಲು. (ಡಿಎಸ್‌ಎಲ್‌ಆರ್ ಕಿಂಡಿಯಲ್ಲಿ ಕಾಣುವುದು ನಿಜವಾದ ಬೆಳಕು, ಪರದೆಯಲ್ಲ. ಉದ್ದ ಲೆನ್ಸ್ ಹಾಕಿ ಸೂರ್ಯನನ್ನು ಕಣ್ಣಿಟ್ಟು ನೋಡಬೇಡಿ, ಹಿಂದಿನ ಪರದೆ ಬಳಸಿ.) ಕ್ಯಾನನ್ 55-250, ನಿಕಾನ್ 70-300 ಜೂಮುಗಳು ಈ ಕೆಲಸಕ್ಕೆ ಸೋವಿ ಉತ್ತರ. ಅವುಗಳ ಕಿಂಡಿ ಎಫ್/5.6, 6.3 ಎಂದು ಸಣ್ಣದಾದರೂ ಹಕ್ಕಿಗಳು ಹಗಲಿನಲ್ಲಿ ಹಾರುವುದರಿಂದ ಸಾಗುತ್ತದೆ. ರೆಕ್ಕೆ ಬಿಚ್ಚಿದರೆ 1.2 ಮೀಟರ್ ಅಗಲವಾಗುವ ಗರುಡ 40 ಮೀಟರ್ ದೂರದಿಂದ 250 ಮಿ.ಮೀ.ಯಲ್ಲಿ ಚಿತ್ರದ ಮೂರನೇ ಒಂದು ಭಾಗ ತುಂಬುತ್ತದೆ. ಕಂಬಳದ ವಿಷಯದಲ್ಲಿ ಮಾತ್ರ ನನ್ನ ವಾದ ಸೋಲುತ್ತದೆ. ಮಿಯ್ಯಾರಿನಲ್ಲೋ ಕಟಪಾಡಿಯಲ್ಲೋ ಕರೆಯಲ್ಲಿ ಸೆಕೆಂಡಿಗೆ ಹತ್ತು ಮೀಟರ್ ಓಡುವ ಕೋಣಗಳನ್ನು ಹಗಲಲ್ಲಿ ಈ ಜೂಮ್ ಹಿಡಿದೀತು, ರಾತ್ರಿ ಹಿಡಿಯದು. ಉದ್ದವೂ ಬೇಕು, ದೊಡ್ಡ ಕಿಂಡಿಯೂ ಬೇಕು ಎಂದಾಗ ಅಗ್ಗದ ದಾರಿ ಮುಗಿಯುತ್ತದೆ. ಕ್ಯಾಮೆರಾವನ್ನು ಕೋಣಗಳ ಜತೆಗೇ ಬೀಸುತ್ತ ಹಿನ್ನೆಲೆಯನ್ನು ಮಸುಕಾಗಿಸುವ ಅಭ್ಯಾಸ ಮಾಡಿಕೊಳ್ಳುವುದೊಂದೇ ಉಪಾಯ, ಅದಕ್ಕೆ ದುಡ್ಡು ಬೇಡ.

ಅತಿ ಹತ್ತಿರದ ಲೋಕಕ್ಕೆ ಇನ್ನೂ ಸೋವಿಯಾದ ಬಾಗಿಲಿದೆ. ಮಣಿಪಾಲದ ಮುರಕಲ್ಲು ಹಾಸುಗಳಲ್ಲಿ ಸಿಕ್ಕ ಪುಟ್ಟ ಕಪ್ಪೆಯೊಂದನ್ನು 2016ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿ, ಆ ಕಲ್ಲಿನ ಹೆಸರಿನಲ್ಲೇ ಮೈಕ್ರೊಹೈಲಾ ಲ್ಯಾಟರೈಟ್ ಎಂದು ಕರೆದರು. ಉದ್ದ 16 ಮಿ.ಮೀ.ನಷ್ಟು. ಕಿಟ್ ಲೆನ್ಸ್ ತನ್ನ ಅತಿ ಸಮೀಪದ ಫೋಕಸಿನಲ್ಲಿ ಇದನ್ನು ಸೆನ್ಸರಿನ ಮೇಲೆ ಸುಮಾರು 5 ಮಿ.ಮೀ.ಗೆ ಮೂಡಿಸುತ್ತದೆ, ಗುರುತು ಹಿಡಿಯಲು ಅಷ್ಟೇ ಸಾಕು. ಚರ್ಮದ ಗಂಟುಗಳು ಕಾಣಬೇಕೆಂದರೆ ಐವತ್ತರ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ 25 ಮಿ.ಮೀ.ಯ ಎಕ್ಸ್‌ಟೆನ್ಷನ್ ಟ್ಯೂಬ್ ಸಿಕ್ಕಿಸಿ. ಅದರೊಳಗೆ ಗಾಜೇ ಇಲ್ಲ, ಬರಿಯ ಟೊಳ್ಳು ಕೊಳವೆ. ಕೊಳವೆಯ ಉದ್ದವನ್ನು ಸಂಗಮದೂರದಿಂದ ಭಾಗಿಸಿದಷ್ಟು ವರ್ಧನೆ ಸೇರುತ್ತದೆ, ಇಲ್ಲಿ ಅರ್ಧ. ಲೆನ್ಸಿನದೇ ವರ್ಧನೆಯೂ ಸೇರಿ ಕಪ್ಪೆ 11 ಮಿ.ಮೀ. ಆಗುತ್ತದೆ, ಚಿತ್ರದ ಅಗಲದ ಅರ್ಧ. ಕೊಳ್ಳುವಾಗ ವಿದ್ಯುತ್ ಸಂಪರ್ಕದ ಬಿಂದುಗಳಿರುವ ಕೊಳವೆಯನ್ನೇ ಕೇಳಿ, ಇಲ್ಲದಿದ್ದರೆ ಕಿಂಡಿಯನ್ನು ಹೊಂದಿಸಲಾಗದು.

ಕನ್ನಡಿಯಿಲ್ಲದ ಕ್ಯಾಮೆರಾಗಳ ಕಾಲದಲ್ಲಿ ಡಿಎಸ್‌ಎಲ್‌ಆರ್ ಲೆನ್ಸಿಗೆ ಹಣ ಹಾಕುವುದು ಜಾಣತನವೇ ಎಂಬ ಕೊನೆಯ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಕಂಪನಿಗಳ ಗಮನ ಆ ಕಡೆ ಹೊರಳಿದೆ. ಆದರೆ ಆರಂಭಿಕರಿಗೆ ಅದರಿಂದ ಲಾಭವೇ ಆಗಿದೆ: ಬಳಸಿದ ಕ್ಯಾಮೆರಾ, ಬಳಸಿದ ಲೆನ್ಸ್ ಕಡಿಮೆ ಬೆಲೆಗೆ ಕೈ ಬದಲಾಗುತ್ತಿವೆ. 2018ರಿಂದ ಸಿಗುವ ಅಡಾಪ್ಟರುಗಳ ಮೂಲಕ ಕ್ಯಾನನ್‌ನ ಇಎಫ್ ಲೆನ್ಸುಗಳೂ ನಿಕಾನ್‌ನ ಎಎಫ್-ಎಸ್ ಲೆನ್ಸುಗಳೂ ಅವರವರ ಹೊಸ ಕ್ಯಾಮೆರಾಗಳಲ್ಲಿ ಕೆಲಸ ಮಾಡುತ್ತವೆ, ಫೋಕಸ್ ಸಮೇತ. ನಿಕಾನ್ ಕೊಳ್ಳುವವರು ಮಾತ್ರ ಅಕ್ಷರ ನೋಡಿ ಕೊಳ್ಳಬೇಕು. ಹೆಸರಿನಲ್ಲಿ 1.8ಡಿ ಎಂದಿರುವ ಹಳೆಯ ಐವತ್ತು ಅಗ್ಗ, ಆದರೆ ಡಿ3000 ಮತ್ತು ಡಿ5000 ಸಾಲಿನ ಕ್ಯಾಮೆರಾಗಳಲ್ಲಿ ಫೋಕಸ್ ಮೋಟರು ಇಲ್ಲದ್ದರಿಂದ ಅದನ್ನು ಕೈಯಲ್ಲೇ ತಿರುಗಿಸಬೇಕಾಗುತ್ತದೆ, 1.8ಜಿ ಎಂದಿರುವುದನ್ನೇ ಆರಿಸಿ. ಎಎಫ್-ಪಿ ಎಂದಿರುವ ಹೊಸ ಜೂಮುಗಳು ಡಿ3100, ಡಿ5100ರಂಥ ಹಳೆಯ ಕ್ಯಾಮೆರಾಗಳಲ್ಲಿ ಫೋಕಸ್ಸೇ ಮಾಡುವುದಿಲ್ಲ.

ಬಳಸಿದ ಲೆನ್ಸ್ ಎಂದಾಗ ಕರಾವಳಿಯಲ್ಲಿ ಬೆಲೆಗಿಂತ ಮೊದಲು ಕೇಳಬೇಕಾದ್ದು ಬೂಷ್ಟಿನ ವಿಚಾರ. ವರ್ಷಕ್ಕೆ 4000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆ ಇದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಗಾಳಿಯ ತೇವ ನೂರಕ್ಕೆ ಎಪ್ಪತ್ತು ದಾಟಿ ವಾರಗಟ್ಟಲೆ ನಿಂತರೆ ಲೆನ್ಸಿನೊಳಗೆ ಸೇರಿಕೊಂಡ ಬೀಜಕಣಗಳು ಮೊಳೆತು ಗಾಜಿನ ಮೇಲೆ ಎಳೆ ಹರಡುತ್ತವೆ. ಅವು ಒಸರುವ ಆಮ್ಲ ಲೇಪನವನ್ನು ತಿನ್ನುತ್ತದೆ, ಆಮೇಲೆ ಗಾಜನ್ನೂ. ಆಟಿ ತಿಂಗಳಿಡೀ ಚರ್ಮದ ಚೀಲದಲ್ಲಿ ಕೂತ ಲೆನ್ಸ್ ಸೋಣೆಯ ಹೊತ್ತಿಗೆ ಕೆಟ್ಟಿರಬಹುದು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅದರಲ್ಲಿ ಆಗಾಗ ಒಣಗಿಸುವ ಸಿಲಿಕಾ ಜೆಲ್, ತೇವ ತೋರಿಸುವ ಪುಟ್ಟ ಮಾಪಕ, ಇಷ್ಟಕ್ಕೆ ಖರ್ಚು ತೀರಾ ಕಡಿಮೆ. ಮಾಪಕ ನಲವತ್ತರಿಂದ ಐವತ್ತರೊಳಗೆ ಇದ್ದರೆ ಕ್ಷೇಮ. ಮಣಿಪಾಲದ ಎಸಿ ಕೋಣೆಯಿಂದ ನೇರ ಹೊರಗೆ ತಂದ ತಣ್ಣನೆಯ ಗಾಜಿನ ಮೇಲೆ ಇಬ್ಬನಿ ಕೂರುತ್ತದೆ, ಅರ್ಧ ಗಂಟೆ ಚೀಲದೊಳಗೇ ಬಿಟ್ಟು ಆಮೇಲೆ ತೆಗೆಯಿರಿ. ಕಾಪುವಿನ ಬಂಡೆಯ ಮೇಲೆ ಉಪ್ಪು ನೀರಿನ ಸಿಂಪಡಿಕೆಗೆ ಮುಂದೊಂದು ಯುವಿ ಫಿಲ್ಟರ್ ಇರಲಿ. ರಾತ್ರಿಯ ಆಟಕ್ಕೆ ಅದನ್ನು ಕಳಚಿ, ಇಲ್ಲದಿದ್ದರೆ ದೀಪದ ಪ್ರತಿಫಲನ ತಲೆಕೆಳಗಾದ ಹಸಿರು ಚುಕ್ಕೆಯಾಗಿ ಚಿತ್ರದಲ್ಲಿ ಕೂರುತ್ತದೆ. ಬಳಸಿದ ಲೆನ್ಸ್ ಕೊಳ್ಳುವ ದಿನ ಎರಡೂ ಕಡೆಯ ಮುಚ್ಚಳ ತೆಗೆದು, ಕಿಂಡಿ ಪೂರ್ತಿ ತೆರೆದಿದೆಯೆಂದು ನೋಡಿಕೊಂಡು, ಹಿಂದಿನಿಂದ ಮೊಬೈಲಿನ ಟಾರ್ಚ್ ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ. ನಾಲ್ಕಾರು ಧೂಳಿನ ಕಣ ಕಂಡರೆ ಚಿಂತೆಯಿಲ್ಲ, ಚಿತ್ರದಲ್ಲಿ ಅವು ಮೂಡುವುದೇ ಇಲ್ಲ. ಅಂಚಿನಿಂದ ನಡುವಿಗೆ ಕವಲೊಡೆಯುತ್ತ ಹೋದ ಬಿಳಿ ಎಳೆ ಕಂಡರೆ ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ.